40 ಗಜದ ಲೆಕ್ಕ

ಮಿಸ್ಸೌರಿಗೆ ಬಂದ ಎರಡನೇ ವರ್ಷ ಆಫೀಸಿನ ಗೆಳೆಯನೊಬ್ಬ ಕಾಡು ಟರ್ಕಿ ಕೋಳಿ ಶಿಕಾರಿಗೆ ಕರೆದ. ಬಂದೂಕು ಮುಟ್ಟಲ್ಲ, ಸುಮ್ಮನೆ ನೋಡ್ತೀನಿ ಅಂತ ಹೋದೆ. ಏಪ್ರಿಲ್ ತಿಂಗಳು, ಇನ್ನೂ ಕತ್ತಲು. ಮರಕ್ಕೆ ಒರಗಿ ಕೂತು ಅವನು ಹೆಣ್ಣು ಕೋಳಿಯ ಹಾಗೆ ದನಿ ಹೊರಡಿಸಿದ. ಗಂಟೆ ಕಳೆದ ಮೇಲೆ ಹುಂಜ ಬಂತು. 60 ಗಜ ದೂರದಲ್ಲಿ ಬಾಲ ಬಿಚ್ಚಿ ನಿಂತು, ಹಾಗೇ ತಿರುಗಿ ಹೋಯ್ತು. ಇವನು ಟ್ರಿಗರ್ ಒತ್ತಲೇ ಇಲ್ಲ.

"ಯಾಕೋ?" ಅಂದೆ.

"ದೂರ ಆಯ್ತು" ಅಂದ.

ನಾಲ್ಕು ಗಂಟೆಗೆ ಎಬ್ಬಿಸಿದ್ದಕ್ಕೆ ಇದಾ ಅಂತ ಅವತ್ತು ಸಿಟ್ಟು ಬಂತು. ಆಮೇಲೆ ಓದಿದಾಗ ಗೊತ್ತಾಯ್ತು, ಆ ಎರಡು ಪದದ ಹಿಂದೆ ದೊಡ್ಡ ಚರಿತ್ರೆಯೇ ಇದೆ.

'ದಿ ಬರ್ಡ್ಸ್ ಆಫ್ ಅಮೆರಿಕ'ದ ಮೊದಲ ಚಿತ್ರವೇ ಕಾಡು ಟರ್ಕಿ. ಬಿಡಿಸಿದ ಜಾನ್ ಜೇಮ್ಸ್ ಆಡುಬಾನ್ ಅದನ್ನು ಹಿಡಿಯುತ್ತಿದ್ದ ಬಗೆಯನ್ನೂ ಬರೆದಿದ್ದಾನೆ. ಮರದ ದಿಮ್ಮಿಗಳ ದೊಡ್ಡಿ, ಅದರ ಗೋಡೆಯಡಿ ಒಂದು ಕಾಲುವೆ, ಕಾಲುವೆಯುದ್ದಕ್ಕೂ ಜೋಳ. ತಲೆ ತಗ್ಗಿಸಿ ಕಾಳು ಹೆಕ್ಕುತ್ತಾ ಕೋಳಿ ಒಳಗೆ ಬರುತ್ತೆ. ಒಳಗೆ ಬಂದ ಮೇಲೆ ಮೇಲೆ ನೋಡುತ್ತಾ ಸುತ್ತುತ್ತೆಯೇ ಹೊರತು, ಬಂದ ದಾರಿ ಕಾಲ ಕೆಳಗೇ ಇದೆ ಅಂತ ಅದಕ್ಕೆ ಹೊಳೆಯೋದಿಲ್ಲ. ಎರಡು ತಿಂಗಳಲ್ಲಿ ಒಂದೇ ದೊಡ್ಡಿಗೆ 76 ಕೋಳಿ ಬಿದ್ದಿದ್ದನ್ನು ಅವನು ಲೆಕ್ಕ ಇಟ್ಟಿದ್ದ. ಮಾಂಸ ತಿಂದು ಸಾಕಾದವರು ದೊಡ್ಡಿಯ ಕಡೆ ವಾರಗಟ್ಟಲೆ ತಿರುಗಿಯೂ ನೋಡುತ್ತಿರಲಿಲ್ಲವಂತೆ. ಒಳಗಿದ್ದವು ಹಸಿವಿನಿಂದ ಸಾಯುತ್ತಿದ್ದವು. ಒಂದೂ ಗುಂಡು ಹಾರದೆ ನಡೆದ ಕ್ರೌರ್ಯ ಅದು.

ಇಂಥ ಬೇಟೆಗೆ ಕಾಡು ಕಡಿದದ್ದೂ ಸೇರಿ, 1950ರ ದಶಕದ ಶುರುವಿಗೆ ಇಡೀ ಮಿಸ್ಸೌರಿಯಲ್ಲಿ ಉಳಿದದ್ದು ಕೆಲವೇ ಸಾವಿರ. 1954ರಿಂದ ಸರ್ಕಾರದವರೇ ಆಮಿಷ ಹಾಕಿ, ಬಲೆ ಹಾರಿಸಿ ಕೋಳಿ ಹಿಡಿದರು. ಈ ಸಲ ಹಿಡಿದದ್ದು ಬೇರೆ ಕಾಡಿಗೆ ಬಿಡೋಕೆ. 1960ರಲ್ಲಿ ಮತ್ತೆ ಶಿಕಾರಿಗೆ ಅವಕಾಶ ಕೊಟ್ಟಾಗ ಸಿಕ್ಕಿದ್ದು ಮೂರು ದಿನ, ಹೊಡೆದದ್ದು 94 ಹಕ್ಕಿ.

ಕೋಳಿ ಅಪರೂಪವಾದ ಮೇಲೆ ಒಂದೊಂದು ಈಡಿಗೂ ಬೆಲೆ ಬಂತು. ಷಾಟ್‌ಗನ್ನಿನ ಚರೆ ದೂರ ಹೋದಷ್ಟೂ ಚದುರುತ್ತೆ. ಟರ್ಕಿಯ ಮೈಗೆ ದಪ್ಪ ಗರಿ, ಗಟ್ಟಿ ಮಾಂಸ. ಅಲ್ಲಿಗೆ ನಾಲ್ಕು ಚರೆ ತಾಗಿದರೆ ಹಕ್ಕಿ ಹಾರಿಹೋಗಿ ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತೆ. ಅದಕ್ಕೇ ಗುರಿ ತಲೆ ಮತ್ತು ಕತ್ತಿಗೆ ಮಾತ್ರ. ಸೀಸನ್ನಿಗೆ ಮೊದಲೇ ಕಾಗದದ ಮೇಲೆ ತಲೆಯ ಚಿತ್ರ ಬರೆದು ಗುಂಡು ಹೊಡೆದು, ಎಷ್ಟು ಚರೆ ಬಿತ್ತು ಅಂತ ಎಣಿಸುತ್ತಾರೆ. ನನ್ನ ಗೆಳೆಯನ ಬಂದೂಕಿನ ಲೆಕ್ಕ 40 ಗಜಕ್ಕೆ ಮುಗಿಯುತ್ತಿತ್ತು.

ಮುಂದಿನ ವಾರ ಇನ್ನೊಂದು ಹುಂಜ 25 ಗಜದವರೆಗೆ ಬಂತು. ಬಾಲ ಬಿಚ್ಚಿದಾಗ ಕತ್ತು ಮುದುಡಿರುತ್ತೆ, ಆಗ ಹೊಡೆಯಬಾರದು. ಇವನು ಮೆಲ್ಲಗೆ ಒಂದು ಸಲ ಲೊಚ್ ಅನ್ನಿಸಿದ. ಏನದು ಅಂತ ಹುಂಜ ಕತ್ತು ಎತ್ತಿತು. ಒಂದೇ ಈಡು. ರೆಕ್ಕೆ ಬಡಿಯುವುದು ನಿಲ್ಲುವವರೆಗೂ ಇವನು ಅದರ ಪಕ್ಕದಲ್ಲೇ ಮಂಡಿಯೂರಿದ್ದ.

ನನಗೆ ಶಿಕಾರಿ ಇಷ್ಟ ಆಯ್ತು ಅಂತ ಹೇಳಲ್ಲ. ಆದರೆ ಆ ರಾತ್ರಿ ಫೋನಿನಲ್ಲಿ ಚಿಕನ್ ಆರ್ಡರ್ ಮಾಡೋಕೆ ಹೋಗಿ ಬೆರಳು ತಡೆಯಿತು. ಆ ಕೋಳಿಗೂ ನನಗೂ ಎಷ್ಟು ಗಜ ದೂರ? ದೊಡ್ಡಿ ಕಟ್ಟಿ ಮರೆತವನ ಹತ್ತಿರವೂ ಈ ಲೆಕ್ಕ ಇರಲಿಲ್ಲ.