ಧಾರವಾಡದ ಹಳ್ಳಿಗಳ ಚರಿತ್ರೆ ಬರೆದವರು

ಧಾರವಾಡ ಜಿಲ್ಲೆಯ ಊರಿಗರಲ್ಲಿ ಹೆಸರು ಉಳಿದಿರುವ ಬಹಳ ಹಳಬರ ಪೈಕಿ ಕಲಿಯಮ್ಮ ಒಬ್ಬ. ಜೇಬುಳಗೇರಿಯ ಮುಖ್ಯಸ್ಥನಾಗಿದ್ದ ಈತ ಅಣ್ಣಿಗೇರಿಯಲ್ಲಿ ಒಂದು ಜಿನಾಲಯ ಕಟ್ಟಿಸಿದ. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ 6ನೇ ಆಳ್ವಿಕೆಯ ವರ್ಷ, ಅಂದರೆ ಸುಮಾರು 751ರ ಶಾಸನ ಅದನ್ನು ಹೇಳುತ್ತದೆ. ಅರಸನ ಹೆಸರು ಅದರಲ್ಲಿ ಕಾಲ ಹೇಳುವುದಕ್ಕೆ ಬಂದಿದೆ. ಕೆಲಸ ಮಾಡಿದವನು ಊರಿನವನು. ಕುಂದಗೋಳ ತಾಲ್ಲೂಕಿನ ಗುಡಗೇರಿಯ 1076ರ ಶಾಸನದಲ್ಲಿಯೂ ಹೀಗೆಯೇ. ಅಲ್ಲಿ ಬಸದಿಯ ಹೊಲಗಳ ವಿಚಾರ ಬರುತ್ತದೆ, ಶ್ರೀನಂದಿ ಪಂಡಿತನೆಂಬ ಜೈನ ಗುರು ಬರುತ್ತಾನೆ, ಊರ ಮುಖ್ಯಸ್ಥರಾದ ಗಾವುಂಡರು ಬರುತ್ತಾರೆ. ನಮ್ಮ ಹಳ್ಳಿಗಳ ಚರಿತ್ರೆ ಬರೆಯುವ ಕೆಲಸ ಶುರುವಾದದ್ದು ಇಂಥ ಕಲ್ಲುಗಳಿಂದ. ಆದರೆ ಕಲ್ಲಿಗೆ ಹತ್ತಿದವರು ಹೆಚ್ಚಾಗಿ ಕೊಡುವ ಶಕ್ತಿ ಇದ್ದವರು ಮತ್ತು ಕಾದಾಡಿ ಸತ್ತವರು. ಹೊಲ ಉತ್ತವರು, ಕೂರಿಗೆ ಮಾಡಿಕೊಟ್ಟವರು, ಕಳೆ ಕಿತ್ತ ಹೆಂಗಸರು ಅದರಲ್ಲಿ ಇಲ್ಲ. ಮುಂದೆ ಬಂದ ಚರಿತ್ರೆಕಾರರಲ್ಲಿ ಬಹುಪಾಲು ಜನ ಈ ಕೊರತೆಯನ್ನು ಹಾಗೆಯೇ ಮುಂದುವರಿಸಿದರು ಎಂಬುದು ನನ್ನ ದೂರು.

ಈ ಭಾಗದ ಕಲ್ಲುಗಳನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ನಕಲು ಮಾಡಿಸಿದವನು ವಾಲ್ಟರ್ ಎಲಿಯಟ್. 1824ರ ಕಿತ್ತೂರು ಕಾಳಗದಲ್ಲಿ ಸೆರೆಸಿಕ್ಕಿದ್ದ ಈ ತರುಣ ಬ್ರಿಟಿಷ್ ಅಧಿಕಾರಿ ಮುಂದಿನ ವರ್ಷಗಳಲ್ಲಿ ಕನ್ನಡ ಸೀಮೆಯ 595 ಶಾಸನಗಳ ಪ್ರತಿ ಕೂಡಿಸಿದ. ಆಮೇಲೆ ಬಂದ ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಅವುಗಳನ್ನು ಓದಿ, ತಿದ್ದಿ, 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಕುರಿತು ಪುಸ್ತಕ ತಂದ. ಗುಡಗೇರಿಯ ಶಾಸನವನ್ನು ಅಚ್ಚು ಮಾಡಿದವನೂ ಅವನೇ. ಫ್ಲೀಟನ ಬಗ್ಗೆ ನನಗೆ ಹೆಚ್ಚಿನ ಗೌರವ ಇರುವುದು ಇನ್ನೊಂದು ಕಾರಣಕ್ಕೆ: ಸಂಗೊಳ್ಳಿ ರಾಯಣ್ಣನ ಲಾವಣಿಯಂಥ ಹಳ್ಳಿಯ ಹಾಡುಗಳನ್ನೂ ಅವನು ಬರೆದಿಟ್ಟುಕೊಂಡು ಪ್ರಕಟಿಸಿದ. ತನ್ನದೇ ಸರಕಾರ ಗಲ್ಲಿಗೇರಿಸಿದ ಬಂಟನನ್ನು ಜನ ಹೇಗೆ ಹಾಡುತ್ತಾರೆ ಎಂಬುದು ಅವನಿಗೆ ದಾಖಲೆಯಾಗಿ ಕಂಡಿತ್ತು.

ಇತ್ತ ಕಚೇರಿಯ ಕೆಲಸ ಬೇರೆ ದಾರಿಯಲ್ಲಿ ನಡೆದಿತ್ತು. 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ವಿಂಗೇಟ್ ನಡೆಸಿದ ಭೂಮಾಪನದಲ್ಲಿ ಹೊಲಹೊಲಕ್ಕೆ ನಂಬರು ಬಿತ್ತು, ಎರೆ ಮತ್ತು ಮಸಾರಿ ನೆಲಗಳಿಗೆ ಬೇರೆ ಬೇರೆ ದರ ಕಟ್ಟಿದರು. 1884ರಲ್ಲಿ ಮುಂಬಯಿ ಗೆಜೆಟಿಯರಿನ 22ನೇ ಸಂಪುಟವಾಗಿ ಧಾರವಾಡ ಬಂತು. ಜಾತಿಗಳು, ಬೆಳೆಗಳು, ಸಂತೆಗಳು, 1876–78ರ ಭೀಕರ ಬರ, ಎಲ್ಲ ಅದರಲ್ಲಿದೆ. ಆದರೆ ಅದು ಜನರನ್ನು ಗುಂಪಾಗಿ ನೋಡುವ ಪುಸ್ತಕ. ಒಬ್ಬ ರೈತನ ಮನೆಯೊಳಗೆ ಕಾಲಿಡುವುದಿಲ್ಲ. ಕುಂದಗೋಳವಂತೂ ಆಗ ಜಮಖಂಡಿ ಸಂಸ್ಥಾನದ್ದು. ಅಲ್ಲಿಯ ಹಳ್ಳಿಗಳ ದಫ್ತರ ಹುಡುಕುವವರು 1948ರ ವಿಲೀನಕ್ಕೆ ಹಿಂದಿನದನ್ನು ಸಂಸ್ಥಾನದ ಕಾಗದಪತ್ರಗಳಲ್ಲಿ ನೋಡಬೇಕಾಗುತ್ತದೆ.

ಆಲೂರು ವೆಂಕಟರಾಯರ ಕಾಲಕ್ಕೆ ಚರಿತ್ರೆ ಕನ್ನಡದಲ್ಲಿ ಮಾತಾಡತೊಡಗಿತು. 1917ರ ‘ಕರ್ನಾಟಕ ಗತವೈಭವ’ ಸೊರಗಿದ್ದ ನಾಡಿಗೆ ಜೀವ ತುಂಬಿತು. ಆ ಹೊತ್ತಿಗೆ ಬೇಕಾಗಿದ್ದದ್ದು ಸಾಮ್ರಾಜ್ಯದ ನೆನಪು. ಹಳ್ಳಿ ಹಿಂದೆ ಸರಿಯಿತು. 1939ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆ ಮತ್ತೆ ಹಳ್ಳಿಗೆ ಹೋಯಿತು. ಆರ್.ಎಸ್. ಪಂಚಮುಖಿ, ಎ.ಎಂ. ಅಣ್ಣಿಗೇರಿ ಮೊದಲಾದವರ ದುಡಿಮೆಯಿಂದ ಗುಡಿಯ ಗೋಡೆ, ಕೆರೆಯ ದಂಡೆಗಳ ಕಲ್ಲುಗಳ ಓದು ಬೆಳೆಯಿತು. ಶಂಬಾ ಜೋಶಿಯವರು ಊರುಗಳ ಹೆಸರುಗಳನ್ನೇ ಪುರಾವೆಯಾಗಿ ಹಿಡಿದು ಪಶುಪಾಲಕರ, ಬೇಸಾಯಗಾರರ ಹಳೆಯ ನೆಲೆಗಳನ್ನು ಹುಡುಕಿದರು. ಅವರ ಎಲ್ಲ ತೀರ್ಮಾನ ಒಪ್ಪಬೇಕಾಗಿಲ್ಲ. ಆದರೆ ಅರಸರಿಲ್ಲದೆಯೂ ಚರಿತ್ರೆ ಬರೆಯಬಹುದು ಎಂಬ ಧೈರ್ಯ ಅವರಿಂದ ಬಂತು. ಎಂ.ಎಂ. ಕಲಬುರ್ಗಿಯವರು ಜಿಲ್ಲೆಯ ಶಾಸನಗಳ ಸೂಚಿ ಸಿದ್ಧಮಾಡಿ, ಊರುಗಳ ಹಳೆಯ ವೃತ್ತಾಂತಗಳಾದ ಕೈಫಿಯತ್ತುಗಳನ್ನು ಸಂಪಾದಿಸಿ, ಮುಂದಿನವರ ಕೈಗೆ ಸಾಮಗ್ರಿ ಕೊಟ್ಟರು.

ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರು ಕಂಡ ಹಳ್ಳಿ ಬೇರೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದು ಆಮೇಲೆ ಕೆನಡಾಕ್ಕೆ ಹೋದ ಕೆ. ಈಶ್ವರನ್ 1966 ಮತ್ತು 1968ರಲ್ಲಿ ಈ ಭಾಗದ ಒಂದು ಹಳ್ಳಿಯ ಮೇಲೆ ಎರಡು ಪುಸ್ತಕ ಬರೆದರು. ಮನೆತನ, ಮಠ, ಆಯ, ಮದುವೆ ಎಲ್ಲ ಅವುಗಳಲ್ಲಿ ಸಮೀಪದಿಂದ ಬಂದಿವೆ. ಆದರೆ ಆ ಶಾಸ್ತ್ರದ ರೂಢಿಯಂತೆ ಊರಿಗೆ ಶಿವಾಪುರ ಎಂದು ಮರೆಹೆಸರು ಇಟ್ಟರು. ಕಾರಣ ನ್ಯಾಯವಾದದ್ದೇ, ಬದುಕಿರುವವರ ಮಾನ ಕಾಯಬೇಕು. ಆದರೂ ಊರಿನವರ ಮೊಮ್ಮಕ್ಕಳಿಗೆ ಆ ಪುಸ್ತಕದಲ್ಲಿ ತಮ್ಮ ಅಜ್ಜ ಸಿಗುವುದಿಲ್ಲ.

ಹಾಗಾದರೆ ಅಜ್ಜ ಎಲ್ಲಿ ಸಿಗುತ್ತಾನೆ? ಯುರೋಪಿನಲ್ಲಿ, ಉದಾಹರಣೆಗೆ ಸ್ಲೊವಾಕಿಯಾದಲ್ಲಿ, ಸಣ್ಣ ಹಳ್ಳಿಯ ಚರಿತ್ರೆ ಬರೆಯುವವರು ಚರ್ಚಿನ ದಾಖಲೆ ತೆರೆಯುತ್ತಾರೆ. ಅದರಲ್ಲಿ ನಾಮಕರಣ, ಮದುವೆ, ಸಾವು ತಲೆಮಾರುಗಟ್ಟಲೆ ಬರೆದಿರುತ್ತವೆ. ಅಲ್ಲಿಂದ ಅಮೆರಿಕದ ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಗೆ ವಲಸೆ ಹೋದವರ ಮೊಮ್ಮಕ್ಕಳು ಅದನ್ನು ಹಿಡಿದೇ ಊರು ಹುಡುಕಿಕೊಂಡು ಬರುತ್ತಾರೆ. ನಮ್ಮಲ್ಲಿ ಗುಡಿಗೆ ಆ ರೂಢಿ ಇಲ್ಲ. ನಮ್ಮಲ್ಲಿ ಇರುವವನು ವಂಶಾವಳಿ ಹೇಳುವ ಹೆಳವ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಊರಿಗೆ ಬಂದು, ಮನೆಯ ಬಾಗಿಲಲ್ಲಿ ನಿಂತು, ಆ ಮನೆತನದ ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳುತ್ತಾನೆ. ಮೂಲ ಊರು ಯಾವುದು, ಕುಲದೊಳಗೆ ಯಾವ ಬೆಡಗು, ಯಾವ ಕಾರಣಕ್ಕೆ ಅಲ್ಲಿಂದ ಬಿಟ್ಟುಬಂದರು, ಯಾರಿಗೆ ಎಷ್ಟು ಮಕ್ಕಳು, ಅಣ್ಣತಮ್ಮಂದಿರು ಬೇರೆಯಾದದ್ದು ಯಾವ ತಲೆಯಲ್ಲಿ, ಎಲ್ಲ ಬರುತ್ತದೆ. ಹೊಸದಾಗಿ ಹುಟ್ಟಿದವರ ಹೆಸರು ಕೇಳಿ ತನ್ನ ವಂಶಾವಳಿಯ ಪುಸ್ತಕವಾದ ವಹಿಯಲ್ಲಿ ಸೇರಿಸಿಕೊಳ್ಳುತ್ತಾನೆ. ಪ್ರತಿಯಾಗಿ ಮನೆಯವರು ಕಾಳು, ಬಟ್ಟೆ, ರೊಕ್ಕ ಕೊಡುತ್ತಾರೆ. ಹೆಳವರ ಒಂದೊಂದು ಮನೆತನಕ್ಕೆ ಇಂತಿಂಥ ಊರು, ಇಂತಿಂಥ ಒಕ್ಕಲು ಎಂದು ತಲೆತಲಾಂತರದ ಹಂಚಿಕೆ ಇದೆ.

ಈ ವಹಿಗಳನ್ನು ನಮ್ಮ ಚರಿತ್ರೆ ಬಹಳ ದಿನ ಜಾನಪದ ಎಂದು ಪಕ್ಕಕ್ಕಿಟ್ಟಿತು. ಇವುಗಳಲ್ಲಿ ಹಿರಿತನ ಹೆಚ್ಚಿಸಿ ಹೇಳಿದ ಭಾಗಗಳಿರಬಹುದು. ಆದರೆ ಶಾಸನಗಳಲ್ಲಿ ಹೊಗಳಿಕೆ ಇಲ್ಲವೇ? ಹೆಳವ ಹೇಳುವ ವಲಸೆಯನ್ನು ಬರಗಾಲದ ವರ್ಷಗಳ ಜೊತೆ, ಭೂಮಾಪನದ ಹೊಲದ ನಂಬರಿನ ಜೊತೆ ಇಟ್ಟು ನೋಡಿದರೆ ಎಷ್ಟು ನಿಜ ಎಂಬುದು ತಿಳಿದೀತು. ದೊಡ್ಡ ಕೊರತೆ ಬೇರೆ ಇದೆ: ವಹಿ ನಡೆಯುವುದು ಗಂಡುಸಂತತಿಯ ದಾರಿಯಲ್ಲಿ. ಕೊಟ್ಟ ಹೆಣ್ಣುಮಕ್ಕಳು ಅದರ ಅಂಚಿಗೆ ಸರಿಯುತ್ತಾರೆ. ಬಿ.ಎಸ್. ಗದ್ದಗಿಮಠರಂಥವರು ಕೂಡಿಸಿದ ಹಂತಿ, ಬೀಸುವ ಹಾಡುಗಳಲ್ಲಿ, ಇತ್ತೀಚೆಗೆ ನವಲಗುಂದದ ಜಮಖಾನೆ ನೇಯುವ ಮುಸ್ಲಿಂ ಹೆಂಗಸರ ಕುರಿತ ಬರಹಗಳಲ್ಲಿ ಹೆಣ್ಣುಮಕ್ಕಳ ಮಾತು ಅಷ್ಟಿಷ್ಟು ಕೇಳುತ್ತದೆ. ಬಿಜಾಪುರದಿಂದ ಬಂದು ನೆಲೆಸಿದವರೆಂಬ ನೆನಪು ಆ ನೇಕಾರ ಮನೆಗಳಲ್ಲಿದೆ. ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ ಮೇಲೆ ಆ ನೆನಪಿಗೆ ಕಾಗದದ ಮೇಲೆಯೂ ಜಾಗ ಬಂತು. ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವವರ ಮನೆತನಗಳ ಕಥೆಗೂ ಅಂಥ ಜಾಗ ಬೇಕು.

ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಜಿಲ್ಲಾವಾರು ಗ್ರಾಮ ಚರಿತ್ರೆ ಕೋಶದ ಕೆಲಸ ಎತ್ತಿಕೊಂಡದ್ದು ಈ ದಾರಿಯ ದೊಡ್ಡ ಹೆಜ್ಜೆ. ಊರೂರಿನಲ್ಲಿ ಕೇಳಿ ಬರೆದುಕೊಂಡ ಗುಡಿ, ಜಾತ್ರೆ, ಮನೆತನ, ಐತಿಹ್ಯ ಒಂದೆಡೆ ಕೂಡಿದವು. ಒಂದೇ ಸಂಪುಟದಲ್ಲಿ ನೂರಾರು ಊರು ತುಂಬಿದಾಗ ಒಂದು ಊರಿಗೆ ಸಿಗುವುದು ಕೆಲವೇ ಪುಟ. ಕೋಶದ ಮಿತಿ ಅದು. ಮುಂದಿನದನ್ನು ಊರಿನವರೇ ಬರೆಯಬೇಕು, ಅದಕ್ಕೆ ಸಾಮಗ್ರಿಯೂ ಇದೆ. 1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಕರದ ವಿರುದ್ಧ ನವಲಗುಂದ, ನರಗುಂದಗಳಲ್ಲಿ ಎದ್ದ ರೈತರಲ್ಲಿ ಬದುಕಿರುವವರಿಗೆ ಈಗ ವಯಸ್ಸಾಗಿದೆ. ಆ ಬಂಡಾಯದ ನೆನಪಿನ ನರಗುಂದದ ವೀರಗಲ್ಲಿಗೆ ಪ್ರತಿವರ್ಷ ಮಾಲೆ ಬೀಳುತ್ತದೆ. ಅಂದು ಯಾವ ಹಳ್ಳಿಯಿಂದ ಯಾರು ಚಕ್ಕಡಿ ಹೂಡಿಕೊಂಡು ಬಂದರು, ಲಾಠಿ ತಿಂದವರನ್ನು ಯಾವ ಮನೆಯ ಹೆಂಗಸರು ಒಳಗೆ ಕರೆದುಕೊಂಡರು ಎಂಬುದನ್ನು ಆ ರೈತರಿಂದಲೇ ಕೇಳಿ ಬರೆದುಕೊಳ್ಳಬೇಕು. ಈ ವರ್ಷ ಹೆಳವ ಊರಿಗೆ ಬಂದಾಗ, ಅವನೂ ಮನೆಯವರೂ ಒಪ್ಪಿದರೆ, ವಹಿಯ ಹಾಳೆಗಳ ಫೋಟೊ ತೆಗೆದು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಒಂದು ಪ್ರತಿ ಇಡಬಹುದು. ಆ ಪ್ರತಿಯಲ್ಲಿ ಹೆಣ್ಣುಮಕ್ಕಳ ಹೆಸರಿಗೂ, ಅವರನ್ನು ಕೊಟ್ಟ ಊರಿಗೂ ಒಂದು ಸಾಲು ಸೇರಿಸುವುದು ಕಷ್ಟದ ಕೆಲಸವಲ್ಲ.