ಕದಳಿಯ ಕಾಲುದಾರಿ

ಶ್ರೀಶೈಲದ ಕದಳಿಯನ್ನು ಕಂಡುಬಂದೆವು ಎನ್ನುವ ಭಕ್ತರಲ್ಲಿ ಬಹುಮಂದಿ ಕಂಡಿರುವುದು ಒಂದು ಗವಿಯನ್ನು ಮಾತ್ರ. ಪಾತಾಳಗಂಗೆಯಲ್ಲಿ ದೋಣಿಯೇರಿ, ಕೃಷ್ಣೆಯ ಹಿನ್ನೀರಿನಲ್ಲಿ ಸಾಗಿ, ದಡಕ್ಕಿಳಿದು ಗುಡ್ಡ ಹತ್ತಿದರೆ ನಿಸರ್ಗವೇ ಕಟ್ಟಿದ ಬೃಹತ್ತಾದ ಶಿಲಾಕಮಾನು ಎದುರಾಗುತ್ತದೆ. ಒಳಗೆ ಇಕ್ಕಟ್ಟಾದ, ಕತ್ತಲು ತುಂಬಿದ ಗವಿ; ಮೈ ಬಾಗಿಸಿ ಒಳಸರಿದರೆ ತುದಿಯಲ್ಲಿ ಲಿಂಗ. ಅಕ್ಕಮಹಾದೇವಿಯು ತಪಗೈದ ತಾಣವಿದೆಂದು ಪರಂಪರೆಯು ನಂಬಿಕೊಂಡು ಬಂದಿದೆ. ದರ್ಶನ ಮುಗಿಸಿ ಅಂದೇ ಹಿಂದಿರುಗುವುದು ಈಗಿನ ರೂಢಿ. ಆದರೆ ದೋಣಿ ಸಾಗುವ ಈ ವಿಶಾಲ ಜಲರಾಶಿ 1980ರ ದಶಕದಿಂದ ಈಚಿನದು, ಶ್ರೀಶೈಲ ಅಣೆಕಟ್ಟಿನ ಕೊಡುಗೆ. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೂ ಕಲ್ಯಾಣದಿಂದ ಶ್ರೀಗಿರಿಗೂ ಅಕ್ಕ ನಡೆದೇ ಬಂದಳು. ಆದ್ದರಿಂದ ಕದಳಿಯ ಚರಿತ್ರೆಯನ್ನು ಗವಿಯೊಂದರಲ್ಲಿ ಹುಡುಕದೆ ಕಾಲುದಾರಿಗಳಲ್ಲಿಯೂ ಓದಬೇಕೆಂಬುದು ನಮ್ಮ ಅಭಿಪ್ರಾಯ.

ಕೃಷ್ಣೆಯ ಇಕ್ಕೆಲಗಳಲ್ಲಿ ಹಬ್ಬಿರುವ ನಲ್ಲಮಲ ಅರಣ್ಯವು 1983ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2014ರಲ್ಲಿ ರಾಜ್ಯ ವಿಭಜನೆಯಾದ ಮೇಲೆ ಉತ್ತರದ ಭಾಗವು ಅಮ್ರಾಬಾದ್ ಎಂಬ ಹೆಸರಿನಲ್ಲಿ ತೆಲಂಗಾಣಕ್ಕೆ ಸೇರಿತು. ದಕ್ಷಿಣದ ಭಾಗದಲ್ಲಿ ಆತ್ಮಕೂರಿನ ಕಡೆಯಿಂದ ಶ್ರೀಶೈಲಕ್ಕೆ ಹೋಗುವ ಪುರಾತನ ಯಾತ್ರಾಮಾರ್ಗವಿದೆ. ವೆಂಕಟಾಪುರದಲ್ಲಿ ಕಾಡು ಹೊಕ್ಕರೆ ನಾಗಲೂಟಿ. ಅಲ್ಲಿ ಹಳೆಯ ವೀರಭದ್ರ ದೇವಾಲಯ, ಪಕ್ಕದಲ್ಲಿ ಪುಷ್ಕರಣಿ. ಮುಂದೆ ಪೆಚ್ಚೆರುವು, ದೊಡ್ಡ ಕೆರೆ ಎಂಬುದೇ ಆ ಹೆಸರಿನ ಅರ್ಥ. ಆಮೇಲೆ ಮಠದ ಬಾವಿ. ಅನಂತರ ಎದೆ ನಡುಗಿಸುವ ಭೀಮನಕೊಳ್ಳ. ಅದರ ಆಳಕ್ಕಿಳಿದು ಕಲ್ಲುಮೆಟ್ಟಿಲುಗಳನ್ನು ಏರಿದರೆ ಕೈಲಾಸದ್ವಾರ. ಈ ಹೆಸರುಗಳನ್ನು ಗಮನಿಸಿ: ಪುಷ್ಕರಣಿ, ಕೆರೆ, ಬಾವಿ, ಕೊಳ್ಳ. ದಾರಿಯ ನಿಲುಗಡೆಗಳನ್ನು ನಿರ್ಧರಿಸಿದ್ದು ನೀರೇ ಆಗಿದೆ.

ಇಲ್ಲಿ ಅಕ್ಕನ ಒಂದು ಪ್ರಸಿದ್ಧ ವಚನದ ತಾತ್ಪರ್ಯವನ್ನು ನೆನೆಯಬೇಕು. ಊಟ, ನೀರು, ನಿದ್ರೆ ಈ ಮೂರರ ಚಿಂತೆಯೂ ತನಗಿಲ್ಲವೆಂದು ಹೇಳುವ ಅಕ್ಕ, ಒಂದೊಂದಕ್ಕೂ ಒಂದು ಆಸರೆಯನ್ನು ಹೆಸರಿಸುತ್ತಾಳೆ. ಮೊದಲನೆಯದಕ್ಕೆ ಜನರು ನೀಡುವ ಭಿಕ್ಷೆ, ಎರಡನೆಯದಕ್ಕೆ ಜಲದ ನೆಲೆಗಳು, ಮೂರನೆಯದಕ್ಕೆ ಪಾಳುಬಿದ್ದ ಗುಡಿಗಳು. ಜೀವದ ಜೊತೆಗಾರನಾಗಿ ಚೆನ್ನಮಲ್ಲಿಕಾರ್ಜುನನೊಬ್ಬನೇ ಸಾಕು ಎಂಬುದು ಅದರ ಕೊನೆ. ವ್ಯಾಖ್ಯಾನಕಾರರು ಇದನ್ನು ವೈರಾಗ್ಯದ ಪರಾಕಾಷ್ಠೆಯೆಂದು ವಿವರಿಸುತ್ತ ಬಂದಿದ್ದಾರೆ. ಅದು ಸರಿಯೇ. ಆದರೆ ನಾಗಲೂಟಿಯ ಹಾದಿಯ ಹಿನ್ನೆಲೆಯಲ್ಲಿ ಓದಿದಾಗ ವಚನದ ಇನ್ನೊಂದು ಮುಖ ತೆರೆದುಕೊಳ್ಳುತ್ತದೆ. ಭಿಕ್ಷೆಯ ಅನ್ನವನ್ನು ಯಾರೋ ಬೇಯಿಸಿದ್ದಾರೆ, ಕೆರೆಯನ್ನು ಯಾರೋ ತೋಡಿದ್ದಾರೆ, ಪಾಳುಗುಡಿಯ ಕಲ್ಲನ್ನು ಎಂದೋ ಯಾರೋ ಹೊತ್ತಿದ್ದಾರೆ. ಎಲ್ಲವನ್ನೂ ತೊರೆದವಳ ನಡಿಗೆಯು ಹೆಸರು ತಿಳಿಯದ ಸಾವಿರಾರು ಜನರ ಕಾಯಕದ ಮೇಲೆ ನಿಂತಿದೆ. ವೈರಾಗ್ಯಕ್ಕೂ ದಾಸೋಹಕ್ಕೂ ವಿರೋಧವುಂಟೆಂದು ವಾದಿಸುವವರು ಈ ವಚನವನ್ನು ಅರ್ಧವೇ ಓದಿದ್ದಾರೆಂದು ಹೇಳದೆ ಗತ್ಯಂತರವಿಲ್ಲ.

ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಯೂ ಇದಕ್ಕೆ ಸಾಕ್ಷಿಯಾಗಿದೆ. ಬಾಲಕನಾಗಿದ್ದಾಗ ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ಬಂದು, ಕಾಣದೆ ಕಂಗೆಟ್ಟು, ಕಮರಿಗೆ ಹಾರಲು ಮುಂದಾದ ಪ್ರಸಂಗವನ್ನು ರಾಘವಾಂಕನು ‘ಸಿದ್ಧರಾಮಚಾರಿತ್ರ’ದಲ್ಲಿ ವರ್ಣಿಸಿದ್ದಾನೆ. ಸಾಕ್ಷಾತ್ಕಾರ ಪಡೆದ ಸಿದ್ಧರಾಮ ಗಿರಿಯಲ್ಲಿಯೇ ಕುಳಿತುಬಿಡಲಿಲ್ಲ. ಊರಿಗೆ ಮರಳಿ ಕೆರೆ ಕಟ್ಟಿಸಿದನು. ಮಣ್ಣು ಹೊರುವ ಆ ಕಾಯಕವನ್ನು ಅಲ್ಲಮಪ್ರಭುಗಳು ಕೆಣಕಿದ್ದು, ಅದರಿಂದ ಹುಟ್ಟಿದ ಸಂವಾದ, ಶೂನ್ಯಸಂಪಾದನೆಯ ಓದುಗರಿಗೆ ತಿಳಿದದ್ದೇ. ಪ್ರಭುಗಳು ಖಂಡಿಸಿದ್ದು ಕೆರೆಯನ್ನಲ್ಲ, ಕಟ್ಟಿಸಿದೆನೆಂಬ ಅಹಂಭಾವವನ್ನು.

ಅರಸರೂ ಈ ದಾರಿಗೆ ಕಲ್ಲು ಹಾಸಿದರು. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸು ಪ್ರೋಲಯ ವೇಮನು ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲು ಕಟ್ಟಿಸಿದನು. ಪಾತಾಳಗಂಗೆಗಿಳಿಯುವ ಸೋಪಾನವು ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠಲಾಂಬೆಯ ಸೇವೆ. ಘಂಟಾಮಠ, ವಿಭೂತಿಮಠ, ರುದ್ರಾಕ್ಷಿಮಠ, ಭೀಮಶಂಕರಮಠ, ಸಾರಂಗಧರಮಠ ಎಂಬ ಐದು ಪ್ರಾಚೀನ ಶಿಲಾಮಠಗಳು ದೇವಾಲಯದ ಆಸುಪಾಸಿನಲ್ಲಿವೆ. ಗುಡಿಯ ಪ್ರಾಕಾರದ ಹೊರಮೈಯನ್ನು ನಿಧಾನವಾಗಿ ಸುತ್ತಿ ನೋಡುವ ತಾಳ್ಮೆ ಬೇಕು. ಅಲ್ಲಿ ಆನೆಗಳು, ಬೇಟೆಗಾರರು, ತಪಸ್ವಿಗಳು ಸಾಲುಸಾಲಾಗಿ ಕಲ್ಲಿನಲ್ಲಿ ಮೂಡಿದ್ದಾರೆ. ನಲ್ಲಮಲದ ಮೂಲನಿವಾಸಿಗಳಾದ ಚೆಂಚರು ಮಲ್ಲಯ್ಯನನ್ನು ತಮ್ಮ ಅಳಿಯನೆನ್ನುತ್ತಾರೆ. ನಮ್ಮವರು ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದು ಸೀರೆ, ಅರಿಸಿನ, ಕುಂಕುಮ ಒಯ್ಯುತ್ತಾರೆ. ಎರಡೂ ಕಡೆಯವರು ಬೀಗರೇ ಆದರು!

ಕಂಬಿ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು, ಉತ್ತರ ಕರ್ನಾಟಕದ ಭಕ್ತರು ಇಂದಿಗೂ ಯುಗಾದಿಯ ಹೊತ್ತಿಗೆ ಈ ಕಾಡನ್ನು ದಾಟುತ್ತಾರೆ. ದಾರಿಯುದ್ದಕ್ಕೂ ಹಳ್ಳಿಗಳಲ್ಲಿ ಅನ್ನ, ಮಜ್ಜಿಗೆ, ಕಾಲಿಗೆ ಎಣ್ಣೆ ನೀಡಿ ಉಪಚರಿಸುವ ದಾಸೋಹಿಗಳಿದ್ದಾರೆ. ಅಕ್ಕನು ಹೆಸರಿಸಿದ ಮೊದಲನೆಯ ಆಸರೆ ಹೀಗೆ ಅಳಿಯದೆ ಉಳಿದಿದೆ. ಎರಡನೆಯದರ ವಿಷಯದಲ್ಲಿ ಹಾಗೆ ಹೇಳಲಾರೆವು. ಡೇರೆಗಳು ಎದ್ದುಹೋದ ಜಾಗದಲ್ಲಿ ಪ್ಲಾಸ್ಟಿಕ್ ಲೋಟ, ನೀರಿನ ಪಾಕೀಟುಗಳು ಉಳಿಯುತ್ತವೆ. ಮಳೆ ಬಂದಾಗ ಅವು ಸೇರುವುದು ಕೆರೆ ಕೊಳ್ಳಗಳನ್ನೇ. ಯಾತ್ರಿಕರು ನಡೆಯುವುದು ವರ್ಷದಲ್ಲಿ ಕೆಲವೇ ದಿನ. ಉಳಿದ ದಿನಗಳಲ್ಲಿ ಅಲ್ಲಿ ನೀರು ಕುಡಿಯುವವು ಜಿಂಕೆ, ಕರಡಿ, ಹುಲಿಗಳು. ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಅಕ್ಕ ಗಿಳಿ, ಕೋಗಿಲೆ, ನವಿಲುಗಳನ್ನು ಕೇಳಿದ್ದು ಇಂಥ ಕಾಡಿನ ದಾರಿಯಲ್ಲಿ ನಿಂತು. ಮುಂದಿನ ಯುಗಾದಿಗೆ ಹೊರಡುವ ಬಂಧುಗಳು ಹಿತ್ತಾಳೆಯದೋ ಸ್ಟೀಲಿನದೋ ಒಂದು ತಂಬಿಗೆಯನ್ನು ಜೋಳಿಗೆಯಲ್ಲಿಟ್ಟುಕೊಂಡರೆ ಭಾರವೇನೂ ಆಗಲಾರದು.