ಬಲಾಬಲದ ಲೆಕ್ಕ: ಭೀಷ್ಮನ ಗಣನೆಯೂ ‘ಡ್ರ್ಯಾಗನ್ ಬಾಲ್’ ಅಂಕಿಗಳೂ

ಚನ್ನಗಿರಿ, ಹೊನ್ನಾಳಿ ಸೀಮೆಯ ಜಾತ್ರೆಗಳಲ್ಲಿ ಕುಸ್ತಿಗೆ ಜೋಡಿ ಕಟ್ಟುವ ಹಿರಿಯರು ಪೈಲ್ವಾನರ ಮೈಕಟ್ಟನ್ನು ಕಣ್ಣಳತೆಯಲ್ಲೇ ತೂಗುತ್ತಾರೆ. ಯಾರ ಬಲ ಎಷ್ಟು ಎಂಬ ಇದೇ ಕುತೂಹಲಕ್ಕೆ ಅಂಕಿಯ ರೂಪ ಕೊಟ್ಟು ಜಗತ್ತಿನಾದ್ಯಂತ ಎಳೆಯರನ್ನು ವಾದಕ್ಕೆ ಹಚ್ಚಿದ ಕೃತಿ ಜಪಾನಿನ ‘ಡ್ರ್ಯಾಗನ್ ಬಾಲ್’. ಅಕಿರಾ ತೊರಿಯಾಮ (1955–2024) ರಚಿಸಿದ ಈ ಚಿತ್ರಕಥೆ 1984ರಿಂದ 1995ರವರೆಗೆ ವಾರಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದರ ಮುಂದಿನ ಭಾಗವನ್ನು ಆಧರಿಸಿದ ‘ಡ್ರ್ಯಾಗನ್ ಬಾಲ್ ಝಡ್’ 1989ರಿಂದ 1996ರವರೆಗೆ ಅಲ್ಲಿನ ಕಿರುತೆರೆಯಲ್ಲಿ 291 ಕಂತುಗಳಾಗಿ ಮೂಡಿಬಂದಿತು. 2000ದ ದಶಕದಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಅದನ್ನು ಭಾರತದ ಮನೆಗಳಿಗೂ ತಲುಪಿಸಿತು.

ಕಣ್ಣಿಗೆ ಕಟ್ಟಿದ ತಕ್ಕಡಿ

ಅನ್ಯಗ್ರಹದ ಯೋಧರು ಕಣ್ಣಿನ ಮುಂದೆ ಧರಿಸುವ ‘ಸ್ಕೌಟರ್’ ಎಂಬ ಯಂತ್ರ ಎದುರಾಳಿಯ ಬಲವನ್ನು ಅಂಕಿಯಲ್ಲಿ ತೋರಿಸುತ್ತದೆ. ಸಾಮಾನ್ಯ ರೈತನೊಬ್ಬನ ಬಲ 5. ನಾಯಕ ಗೋಕುವಿನದು 334; ಮೈಮೇಲಿನ ಭಾರದ ಉಡುಪನ್ನು ಕಳಚಿದೊಡನೆ 416. ಆತ ಶಕ್ತಿಯನ್ನೆಲ್ಲ ಒಂದೇ ಪ್ರಹಾರದಲ್ಲಿ ಕೇಂದ್ರೀಕರಿಸಿದಾಗ ಅದೇ ಅಂಕಿ 924ಕ್ಕೆ ಜಿಗಿಯುತ್ತದೆ. ಯಂತ್ರ ಅಳೆಯುವುದು ಆ ಕ್ಷಣದ ಬಲವನ್ನೇ ಹೊರತು ಯೋಧನ ಪೂರ್ಣ ಸಾಮರ್ಥ್ಯವನ್ನಲ್ಲ. ಮುಂದೆ ಗೋಕುವಿನ ಬಲ 5,000 ಎಂದು ಓದಿ ಮೋಸಹೋದ ವೈರಿಗಳು, ಅದು 1,80,000 ದಾಟುವುದನ್ನು ಕಂಡು ದಂಗಾಗುತ್ತಾರೆ. ಗೋಕುವಿನ ದೇಹವನ್ನೇ ಕದ್ದುಕೊಂಡ ಗಿನ್ಯುವಿಗೆ ದಕ್ಕುವುದು ಕೇವಲ 23,000. ದೇಹ ಕೈಸೇರಿದರೂ ಅದನ್ನು ಪಳಗಿಸಿದ ಸಾಧನೆ ಕೈಸೇರುವುದಿಲ್ಲ.

ರೂಪಾಂತರಗಳು

ಬಲ ಹೆಚ್ಚುವ ಬಗೆಗಳಲ್ಲಿಯೂ ವ್ಯತ್ಯಾಸವಿದೆ. ಹುಣ್ಣಿಮೆಯ ಚಂದ್ರನನ್ನು ಕಂಡ ಸೈಯಾನ್ ಕುಲದವರು ಬೃಹತ್ ವಾನರರಾದಾಗ ಬಲ ಹತ್ತು ಪಟ್ಟಾಗುತ್ತದೆ. ಬಾಲ ಕತ್ತರಿಸಿದರೆ ಆ ರೂಪ ಅಳಿಯುತ್ತದೆ. ‘ಕಾಯೋಕೆನ್’ ವಿದ್ಯೆ ರೂಪವನ್ನು ಬದಲಿಸದೆ ಬಲವನ್ನು ಮಾತ್ರ ಹಲವು ಪಟ್ಟು ಏರಿಸುತ್ತದೆ, ಆದರೆ ದೇಹ ಅದರ ಬೆಲೆ ತೆರಬೇಕಾಗುತ್ತದೆ. ಖಳನಾಯಕ ಫ್ರೀಜಾನ ಮೊದಲ ರೂಪದ ಬಲ 5,30,000. ಎರಡನೆಯದು ಹತ್ತು ಲಕ್ಷವನ್ನು ಮೀರಿದ್ದು. ಗೆಳೆಯನ ಸಾವಿನಿಂದ ಕೆರಳಿದ ಗೋಕು ತಾಳುವ ‘ಸೂಪರ್ ಸೈಯಾನ್’ ರೂಪ ಐವತ್ತು ಪಟ್ಟು ಎಂಬ ಲೆಕ್ಕ ಮೂಲ ಕಥೆಯಲ್ಲಿಲ್ಲ. ಅದು 1990ರ ದಶಕದ ಕೈಪಿಡಿಯಿಂದ ಬಂದದ್ದು. ಅಲ್ಲಿಂದಾಚೆಗೆ ಕಥೆಯೇ ಅಂಕಿಗಳನ್ನು ಹೆಚ್ಚುಕಡಿಮೆ ಕೈಬಿಟ್ಟಿತು. ಆದರೂ ಅಭಿಮಾನಿಗಳ ಲೆಕ್ಕಾಚಾರ ನಿಂತಿಲ್ಲ.

ಭೀಷ್ಮನ ಪಟ್ಟಿ

ಇಂತಹ ಗಣನೆ ನಮ್ಮ ಪರಂಪರೆಗೆ ಹೊಸದಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ದುರ್ಯೋಧನನ ಕೋರಿಕೆಯಂತೆ ಭೀಷ್ಮನು ಎರಡೂ ಪಕ್ಷಗಳ ವೀರರನ್ನು ರಥ, ಅತಿರಥ, ಮಹಾರಥರೆಂದು ವಿಂಗಡಿಸುತ್ತಾನೆ. ಭೀಮನೊಬ್ಬನೇ ಎಂಟು ರಥರಿಗೆ ಸಮ. ಅಶ್ವತ್ಥಾಮನು ಅಸಮಾನ ಬಿಲ್ಲಾಳಾದರೂ ಅವನಿಗೆ ಪ್ರಾಣದ ಮೇಲೆ ಆಸೆ ಹೆಚ್ಚು. ಆದಕಾರಣ ಅವನನ್ನು ರಥನೆಂದಾಗಲಿ ಅತಿರಥನೆಂದಾಗಲಿ ಎಣಿಸಲಾಗದು. ಸಹಜ ಕವಚಕುಂಡಲಗಳನ್ನು ಕಳೆದುಕೊಂಡು ಪರಶುರಾಮನ ಶಾಪಕ್ಕೆ ಗುರಿಯಾದ ಕರ್ಣ ಕೇವಲ ಅರ್ಧರಥ. ಸ್ಕೌಟರ್ ಕಾಣಲಾರದ ಶಾಪವನ್ನೂ ಸ್ವಭಾವವನ್ನೂ ಭೀಷ್ಮನ ಲೆಕ್ಕ ಒಳಗೊಂಡಿತ್ತು ಎಂಬುದು ಗಮನಾರ್ಹ.

ಆದರೆ ಯಂತ್ರಕ್ಕಿಲ್ಲದ ಇನ್ನೊಂದು ತೊಡಕು ಇಲ್ಲಿತ್ತು. ಅಳೆಯುವವನಿಗೂ ಅಳೆಯಲ್ಪಡುವವನಿಗೂ ಹಳೆಯ ಮನಸ್ತಾಪವಿತ್ತು. ಲೆಕ್ಕ ಸರಿಯೋ ತಪ್ಪೋ, ತುಂಬಿದ ಸಭೆಯಲ್ಲಿ ಅದನ್ನು ಕೇಳಿದ ಕರ್ಣನಿಗೆ ಅದು ಅಪಮಾನವೇ ಆಯಿತು. ಭೀಷ್ಮನು ಬದುಕಿರುವವರೆಗೆ ತಾನು ಕಾದಲಾರೆನೆಂದು ಆತ ಶಪಥ ಮಾಡಿದ. ಇಬ್ಬರ ಈ ವಿರಸವನ್ನು ಕನ್ನಡದಲ್ಲಿ ಪಂಪನೂ ‘ವಿಕ್ರಮಾರ್ಜುನ ವಿಜಯ’ದಲ್ಲಿ ಚಿತ್ರಿಸಿದ್ದಾನೆ. ಪರಿಣಾಮವಾಗಿ ಕುರುಕ್ಷೇತ್ರದ ಮೊದಲ ಹತ್ತು ದಿನ ಕೌರವಸೇನೆ ಕರ್ಣನಿಲ್ಲದೆಯೇ ಹೋರಾಡಬೇಕಾಯಿತು.